ಇಪ್ಪತ್ತೇಳನೆಯ ಬಿಲ್ಲೆ

ನಾನು ಹಿತ್ತಾಳೆಯ ಒಂದು ಬಿಲ್ಲೆ. ಅಗಲ ಹಳೆಯ ಕಾಲದ ರೂಪಾಯಿಗಿಂತ ತುಸು ಹೆಚ್ಚು, ದಪ್ಪ ಅಷ್ಟಕ್ಕಷ್ಟೇ. ನೆತ್ತಿಯಲ್ಲಿ ಒಂದು ತೂತು, ಎದೆಯ ಮೇಲೆ 27 ಎಂಬ ಅಂಕಿ. ಅದರಲ್ಲಿ ಏಳು ಸ್ವಲ್ಪ ವಾಲಿದೆ. ಅದನ್ನು ಕೆತ್ತುವ ಹೊತ್ತಿಗೆ ಸರಿಯಾಗಿ ಆಚಾರಿಗೆ ಚಹಾ ಬಂದಿತ್ತು. ಕೈ ಇತ್ತ, ಕಣ್ಣು ಅತ್ತ. ಅವನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಬಿಲ್ಲೆಯಾಗುವ ಮೊದಲು ನಾನೊಂದು ಹಂಡೆಯ ಹೊಟ್ಟೆಯ ತುಣುಕಾಗಿದ್ದೆ. ಸುಂದರಿ ಮದುವೆಯಾಗಿ ಹೊಸಕೋಡಿಗೆ ಬರುವಾಗ ತವರಿನಿಂದ ತಂದ ಹಂಡೆ ಅದು. ಹದಿನೆಂಟು ವರ್ಷ ಬಚ್ಚಲಲ್ಲಿ ನೀರು ಕಾಯಿಸಿ ಕಾಯಿಸಿ ಒಂದು ದಿನ ತಳ ಸೀಳಿಕೊಂಡಿತು. ಅವಳ ಗಂಡ ಅಣ್ಣಪ್ಪ ಮೊಗವೀರ ಆಗಷ್ಟೇ ಬಲೆ ಹಾಕುವುದನ್ನು ಬಿಟ್ಟು ಪ್ರವಾಸಿಗರನ್ನು ದೋಣಿಯಲ್ಲಿ ಜೋಡಿಗಡ ಎಂಬ ನಡುಗಡ್ಡೆಗೆ ಕರೆದೊಯ್ಯುವ ಕೆಲಸ ಹಿಡಿದಿದ್ದ. ಹಂಡೆಯನ್ನು ಗುಜರಿಗೆ ಹಾಕುತ್ತೇನೆಂದ. ಸುಂದರಿ ಒಪ್ಪಲಿಲ್ಲ. ಆಚಾರಿಯ ಅಂಗಡಿಗೆ ತಾನೇ ಹೊತ್ತುಕೊಂಡು ಹೋಗಿ, ಅದರಿಂದ ನಲವತ್ತು ಬಿಲ್ಲೆ ಕತ್ತರಿಸಿ ಕೊಡಲು ಹೇಳಿದಳು. ಹೀಗೆ ನಾವು ನಲವತ್ತು ಜನ ಒಂದೇ ಹೊಟ್ಟೆಯಿಂದ ಹುಟ್ಟಿದವರು.

ಹೊಸಕೋಡಿಯನ್ನು ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ. ಕಡಲಿಗೆ ಚಾಚಿದ ಕರಿಬಂಡೆಯ ಮೇಲೆ ಕಪ್ಪು ಬಿಳಿ ಪಟ್ಟೆಯ ದೀಪಸ್ತಂಭ, ಅದರ ಕೆಳಗೆ ದೋಣಿ ಬಂದು ನಿಲ್ಲುವ ಧಕ್ಕೆ, ಧಕ್ಕೆಯ ಮೇಲೆ ತಗಡಿನ ಶೆಡ್ಡು. ದೋಣಿಯಲ್ಲಿ ಇಪ್ಪತ್ತೈದು ನಿಮಿಷ ಹೋದರೆ ಜೋಡಿಗಡ. ಒಂದು ದೊಡ್ಡ ಗುಡ್ಡ, ಒಂದು ಸಣ್ಣ ಗುಡ್ಡ, ನಡುವೆ ಚಿಪ್ಪಿನ ಪುಡಿಯಿಂದಾದ ಬೆಳ್ಳನೆಯ ಮರಳಪಟ್ಟಿ. ದೊಡ್ಡ ಗುಡ್ಡದಲ್ಲಿ ಸಿಹಿನೀರಿನ ಹಳೆಯ ಬಾವಿ ಇದೆ, ಕಂಬ ಕಂಬವಾಗಿ ನಿಂತ ಕಲ್ಲುಗಳಿವೆ. ಸಣ್ಣ ಗುಡ್ಡದಲ್ಲಿ ಬಂಡೆ ಬಿಟ್ಟರೆ ಬೇರೇನಿಲ್ಲ. ಉಬ್ಬರ ಏರಿದಾಗ ನಡುವಿನ ಮರಳು ನೀರಿನಡಿ ಹೋಗುತ್ತದೆ. ಬಂದವರು ಮಧ್ಯಾಹ್ನ ಗಡ ನೋಡಿ, ಸಂಜೆ ದೀಪಸ್ತಂಭ ಹತ್ತಿ, ಫೋಟೋ ತೆಗೆದು, ಹುರಿದ ಬಂಗುಡೆ ಮೀನು ತಿಂದು ಊರಿಗೆ ಹೊರಡುತ್ತಾರೆ.

ಸುಂದರಿಯ ಪದ್ಧತಿ ಹೀಗೆ. ದೋಣಿ ಹತ್ತುವ ಪ್ರತಿಯೊಬ್ಬರ ಮಣಿಕಟ್ಟಿಗೂ ಬಲೆಯ ನೂಲಿನಲ್ಲಿ ಒಂದು ಬಿಲ್ಲೆ ಕಟ್ಟುತ್ತಾಳೆ. ಕಟ್ಟುವುದು ಬಲೆಯ ಗಂಟು. ಪ್ಯಾಂಟು ಹಾಕಿದವರಿಗೆ, ಇಂಗ್ಲಿಷು ಬಲ್ಲವರಿಗೆ ಅದನ್ನು ಬಿಚ್ಚುವುದು ಸಾಧ್ಯವಿಲ್ಲ. ಸಂಜೆ ಅವರು ಧಕ್ಕೆಗೆ ಇಳಿದಾಗ ಅವಳೇ ಒಂದೊಂದು ಕೈ ಹಿಡಿದು, ಮುಖ ನೋಡಿ, ಗಂಟು ಬಿಚ್ಚಿ, ನಮ್ಮನ್ನು ಹಲಗೆಯ ಮೊಳೆಗಳಿಗೆ ನೇತುಹಾಕುತ್ತಾಳೆ. ನಲವತ್ತು ಮೊಳೆ ತುಂಬಿದರೆ ಎಲ್ಲರೂ ದಡ ಸೇರಿದರು ಎಂದರ್ಥ. ಒಂದು ಮೊಳೆ ಖಾಲಿಯಿದ್ದರೂ ದೋಣಿ ಮತ್ತೆ ಗಡಕ್ಕೆ ತಿರುಗಬೇಕು.

ಎಷ್ಟೆಷ್ಟು ಕೈಗಳನ್ನು ಕಂಡಿದ್ದೇನೆ! ಮದರಂಗಿ ಆರದ ಕೈ, ವಾಚು ಕಟ್ಟಲು ಜಾಗ ಬೇಕೆಂದು ಜಗಳ ತೆಗೆದ ಕೈ, ನನ್ನನ್ನು ಬಾಯಿಗೆ ಹಾಕಿ ಜೊಲ್ಲು ಸುರಿಸಿದ ಎರಡು ವರ್ಷದ ಕೈ. ಒಬ್ಬ ಮುಖಂಡರು, 'ನಾನೇನು ಸಂತೆಗೆ ಹೊಡೆದುಕೊಂಡು ಹೋಗುವ ಎತ್ತೇ?' ಎಂದು ಕೆಂಡವಾದರು. ಸುಂದರಿ ಅವರ ಕೈಗೂ ಕಟ್ಟಿದಳು. ಅವಳಿಗೆ ಎಲ್ಲ ಕೈಯೂ ಒಂದೇ. ಆ ದಿನಗಳಲ್ಲಿ ನನಗೆ ಬಹಳ ಜಂಬವಿತ್ತು. ಮನುಷ್ಯರ ಜೀವಕ್ಕೆ ನಾನು ಸಾಕ್ಷಿ ಎಂದು ಬೀಗುತ್ತಿದ್ದೆ.

ಒಂದು ವರ್ಷ ನನ್ನ ಅಣ್ಣ ಹನ್ನೊಂದನೆಯವನು ಸಂಜೆ ಮೊಳೆಗೆ ಬರಲಿಲ್ಲ. ಅಣ್ಣಪ್ಪ ಎದುರುಗಾಳಿಯಲ್ಲಿ ಗಡಕ್ಕೆ ಹೋಗಿ, ಗಂಟಲು ಹರಿಯುವಂತೆ ಕೂಗಿ, ಬಂಡೆಗೆ ದೋಣಿಯ ಮೂಗು ಜಜ್ಜಿಸಿಕೊಂಡು ಬಂದ. ಅಲ್ಲಿ ಯಾರೂ ಇರಲಿಲ್ಲ. ಹದಿನೈದು ದಿನದ ಮೇಲೆ ಹನ್ನೊಂದನೆಯವನು ಅಂಚೆಯಲ್ಲಿ ಬಂದ. ಯಾರೋ ಒಬ್ಬ ಸುಂದರಿಯ ಕಣ್ಣು ತಪ್ಪಿಸಿ ನೆನಪಿಗೆಂದು ಮನೆಗೆ ಒಯ್ದಿದ್ದನಂತೆ. ಧಕ್ಕೆಯವರು ಒಂದು ವರ್ಷ ಅಣ್ಣಪ್ಪನನ್ನು ಆಡಿಕೊಂಡು ನಕ್ಕರು. ಅವನಿಗೆ ಆ ನಗು ಮನಸ್ಸಿನಲ್ಲಿ ಉಳಿದುಹೋಯಿತು.

ಇನ್ನು ನಾನು ಹೇಳಲೇಬೇಕಾದ ದಿನ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಮೇ ತಿಂಗಳ ಕೊನೆಯ ಭಾನುವಾರ. ಮಳೆಗಾಲಕ್ಕೆ ದೋಣಿ ನಿಲ್ಲಿಸುವ ಮೊದಲಿನ ಕಡೆಯ ದಿನ. ಗದಗದ ಕಡೆಯಿಂದ ಒಂದು ಕುಟುಂಬ ಬಂದಿತ್ತು, ಹದಿನಾಲ್ಕು ಜನ. ಅವರಲ್ಲಿ ಹಿರಿಯಳು ಶಂಕ್ರವ್ವ. ಎಪ್ಪತ್ತು ದಾಟಿದ ಮುದುಕಿ, ಹಸಿರು ಇಳಕಲ್ ಸೀರೆ, ಕಡ್ಡಿಯಂಥ ಕೈ. ಸುಂದರಿ ನನ್ನನ್ನು ಕಟ್ಟಿದ್ದು ಆ ಕೈಗೆ.

"ಬಿಗಿ ಆತಾ ಅಜ್ಜಿ?" ಎಂದಳು ಸುಂದರಿ.

"ಇಲ್ಲವ್ವ. ಬಳಿ ಹಾಕಿಸಿಕೊಂಡಂಗ ಆತು," ಎಂದು ಮುದುಕಿ ನಕ್ಕಳು.

ಅವಳು ಕಡಲು ನೋಡಿದ್ದು ಅದೇ ಮೊದಲು. ದೋಣಿಯಲ್ಲಿ ಮಗ ವೀರಭದ್ರಪ್ಪನ ತೋಳು ಬಿಡಲಿಲ್ಲ. ಗಡದಲ್ಲಿ ಇಳಿದು ಬಾವಿಯ ನೀರು ಕುಡಿದು, 'ಉಪ್ಪಿನ ನಡಬರಕ ಸಿಹಿ ಇಟ್ಟಾನಲ್ಲ ದೇವರು' ಎಂದು ಆಶ್ಚರ್ಯಪಟ್ಟಳು. ಮೊಮ್ಮಕ್ಕಳಿಗೆ ಚಿಪ್ಪು ಆರಿಸಿಕೊಟ್ಟಳು. ಆಮೇಲೆ ಮೂರೂವರೆ ಗಂಟೆಯ ಸುಮಾರಿಗೆ ಅವಳ ನಡಿಗೆ ಬದಲಾಯಿತು. ಅತ್ತ ಇತ್ತ ನೋಡಿದಳು. ಎಲ್ಲೆಲ್ಲೂ ಗಂಡಸರು, ಎಲ್ಲೆಲ್ಲೂ ಮೊಬೈಲು. ಗಡದಲ್ಲಿ ಕಕ್ಕಸಿನ ವ್ಯವಸ್ಥೆ ಇರಲಿಲ್ಲ. ಹೆಂಗಸರು ಏನು ಮಾಡಬೇಕೆಂದು ಆ ಕಾಲದಲ್ಲಿ ಯಾರೂ ಯೋಚಿಸಿರಲಿಲ್ಲ.

ಅವಳು ನನ್ನನ್ನು ನೂಲಿನ ಸಮೇತ ಕೈಯಿಂದ ಜಾರಿಸಿದಳು. ಅಂಥ ಕೈಯಿಂದ ಗಂಟು ಬಿಚ್ಚದೆಯೂ ಜಾರಿಸಬಹುದಿತ್ತು.

"ಇದು ಜಾರಿ ಬೀಳ್ತೈತಿ. ನೀನ ಇಟ್ಕೊ," ಎಂದು ಮಗನ ಕೈಗೆ ಕೊಟ್ಟಳು. ಎಲ್ಲಿಗೆ ಹೋಗುತ್ತೇನೆಂದು ಹೇಳಲಿಲ್ಲ. ಐವತ್ತು ವರ್ಷದ ಮಗನಿಗೆ ಅದನ್ನು ಹೇಗೆ ಹೇಳುವುದು? ಮಗ ಕೇಳಲೂ ಇಲ್ಲ. ಫೋನಿನಲ್ಲಿ ಮಾತಾಡುತ್ತಾ ನನ್ನನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಜೇಬಿನ ಅಂಚಿನಿಂದ ನಾನು ಕಂಡೆ: ಹಸಿರು ಸೀರೆ ಮೆಲ್ಲಗೆ ಮರಳಪಟ್ಟಿ ದಾಟಿ ಸಣ್ಣ ಗುಡ್ಡದ ಬಂಡೆಗಳ ಹಿಂದೆ ಮರೆಯಾಯಿತು.

ಅಷ್ಟರಲ್ಲಿ ಪಶ್ಚಿಮದಿಂದ ಗಾಳಿ ಬದಲಾಯಿತು. ಅಣ್ಣಪ್ಪ ಸೀಟಿ ಊದಿದ. ಹೆಂಗಸರು ಮಕ್ಕಳು ಮೊದಲು ಎಂದು ಅವನ ತಮ್ಮ ಸುರೇಂದ್ರನ ದೋಣಿಗೆ ಹತ್ತಿಸಿದರು. ಗಂಡಸರು ಎರಡನೆಯದಕ್ಕೆ. ವೀರಭದ್ರಪ್ಪ ಅವ್ವ ಮೊದಲ ದೋಣಿಯಲ್ಲಿ ತಂಗಿಯ ಜೊತೆ ಹೋದಳೆಂದುಕೊಂಡ. ತಂಗಿ ಕಸ್ತೂರಿ, ಅವ್ವ ಎಂದಿನಂತೆ ಅಣ್ಣನ ತೋಳು ಹಿಡಿದಿರುತ್ತಾಳೆ ಎಂದುಕೊಂಡಳು. ಇಬ್ಬರೂ ತಾಯಿಯನ್ನು ಪ್ರೀತಿಸದವರಲ್ಲ. ಇಬ್ಬರೂ ಇನ್ನೊಬ್ಬರನ್ನು ನಂಬಿದರು, ಅಷ್ಟೇ.

ಜೇಬಿನೊಳಗೆ ನಾನು ಕುದಿಯುತ್ತಿದ್ದೆ. ಹಂಡೆಯಾಗಿದ್ದಾಗ ಕೆಳಗೆ ಬೆಂಕಿ ಉರಿದಾಗಲೂ ಹಾಗೆ ಕುದಿದಿರಲಿಲ್ಲ.

ಧಕ್ಕೆಯಲ್ಲಿ ಎರಡೂ ದೋಣಿ ಒಟ್ಟಿಗೇ ಬಂದು ನಿಂತವು. ಅಲೆ ಕಟ್ಟೆಗೆ ಬಡಿಯುತ್ತಿತ್ತು. ಜನ ಒಬ್ಬರ ಮೇಲೊಬ್ಬರು ಇಳಿಯುತ್ತಿದ್ದರು. "ಬೇಗ, ಬೇಗ! ದೋಣಿ ಒಡಿತ್ತ್!" ಎಂದು ಅಣ್ಣಪ್ಪ ಕೂಗಿದ. ಗಂಟು ಬಿಚ್ಚುತ್ತಾ ಕೂರುವ ಹೊತ್ತಲ್ಲ ಅದು. ಸುಂದರಿ ಮೀನು ಕೊಯ್ಯುವ ಚೂರಿ ತೆಗೆದಳು. ಕೈ ಹಿಡಿ, ನೂಲು ಕೊಯ್ಯಿ, ಬಿಲ್ಲೆಯನ್ನು ಬುಟ್ಟಿಗೆ ಎಸೆ. ಕೈ ಹಿಡಿ, ಕೊಯ್ಯಿ, ಎಸೆ. ಮುಖ ನೋಡಲಿಲ್ಲ. ಅಷ್ಟು ವರ್ಷಗಳಲ್ಲಿ ಅವಳು ಮುಖ ನೋಡದೆ ಬಿಲ್ಲೆ ತೆಗೆದದ್ದು ಅದೊಂದೇ ಸಲ. ವೀರಭದ್ರಪ್ಪನ ಕೈಯ ನೂಲನ್ನು ಕೊಯ್ದು ಅವಳು ಮುಂದಿನ ಕೈಗೆ ಹೋದಳು. ಅವನು ಜೇಬಿನಿಂದ ನನ್ನನ್ನು ತೆಗೆದು ಮೆಲ್ಲಗೆ ಬುಟ್ಟಿಗೆ ಬಿಟ್ಟು, ಹಿಂದಿನವರು ನೂಕಿದ್ದಕ್ಕೆ ಮುಂದೆ ನಡೆದ.

ಆ ಗದಗದವರು ಅಲ್ಲಿಂದ ನೇರ ದೀಪಸ್ತಂಭ ಹತ್ತಲು ಹೋದರು. ಬಾಗಿಲು ಆರು ಗಂಟೆಗೆ ಮುಚ್ಚುತ್ತದೆ. ಆಗ ಐದು. ಧಕ್ಕೆಯ ಮೇಲೆ ಕೆಂಪು ಬಾವುಟ ಏರಿತು. ಇನ್ನು ಯಾವ ದೋಣಿಯೂ ಹೊರಡುವಂತಿಲ್ಲ.

ಶೆಡ್ಡಿನಲ್ಲಿ ಸುಂದರಿ ಒಬ್ಬೊಬ್ಬರನ್ನೇ ಮೊಳೆಗೆ ಹಾಕತೊಡಗಿದಳು. ಇಪ್ಪತ್ತೈದು, ಇಪ್ಪತ್ತಾರು. ಆಮೇಲೆ ನಾನು. ನಾನೂ ಮೊಳೆಗೆ ಬಿದ್ದೆ. 'ಶಂಕ್ರವ್ವ ದಡಕ್ಕೆ ಬಂದಿದ್ದಾಳೆ' ಎಂದು ಆ ಮೊಳೆಯಿಂದ ಲೋಕಕ್ಕೆಲ್ಲ ಸಾರುತ್ತಾ ನೇತಾಡಿದೆ. ಬಾಯಿಲ್ಲದವನ ಸುಳ್ಳು ಎಷ್ಟು ಗಟ್ಟಿಯಾಗಿರುತ್ತದೆ ಎಂಬುದು ನನಗೆ ಅಂದೇ ಗೊತ್ತಾಯಿತು. ನಲವತ್ತು ಮೊಳೆಯೂ ತುಂಬಿತು. ಅಣ್ಣಪ್ಪ ಹಲಗೆ ನೋಡಿ, ಎಂಜಿನ್ನಿಗೆ ತಾಡಪತ್ರಿ ಹೊದಿಸಲು ಹೋದ.

ಸುಂದರಿ ನೂಲಿನ ಚೂರುಗಳನ್ನು ತೆಗೆದು ಬಿಸಾಡುತ್ತಾ ಬಂದವಳು ನನ್ನ ಹತ್ತಿರ ನಿಂತಳು. ಉಳಿದೆಲ್ಲ ನೂಲೂ ಕೊಯ್ದಿತ್ತು. ನನ್ನದು ಮಾತ್ರ ಬಳೆಯಂತೆ ಇಡಿಯಾಗಿತ್ತು, ಗಂಟು ಗಂಟಾಗಿಯೇ ಇತ್ತು. ಅವಳು ಆ ನೂಲನ್ನು ಎಳೆದು ನೋಡಿದಳು.

"ಹ್ವಾಯ್! ಇಲ್ಲ್ ಬನಿ. ಇದನ್ನ್ ಕಾಣಿ. ನೂಲ್ ಕೊಯ್ದದ್ದಲ್ಲ. ಇದ್ ಕೈಯಿಲ್ದೆ ಬಂದದ್ದ್."

ಅಣ್ಣಪ್ಪ ಬಂದು ಹಲಗೆ ನೋಡಿದ. "ಎಂತ ಮಾರಾಯ್ತಿ, ಹಲಗಿ ತುಂಬ್ ಇತ್ತಲ್ದಾ? ನಲ್ವತ್ತ್ ಅಂದ್ರೆ ನಲ್ವತ್ತ್. ಬಾವುಟ ಹಾರ್ಸಿ ಆಯ್ತ್. ನಾ ಮತ್ತೊಂದ್ ಸಲ ಮಂಗ ಆತಿಲ್ಲೆ."

ಅವಳು ನನ್ನನ್ನು ಮೊಳೆಯಿಂದ ಕಿತ್ತು ಮುಷ್ಟಿಯಲ್ಲಿ ಹಿಡಿದು ದೀಪಸ್ತಂಭದ ಕಡೆ ಓಡಿದಳು.

ಇಷ್ಟು ವರ್ಷ ದೀಪಸ್ತಂಭವನ್ನು ಕೆಳಗಿನಿಂದಷ್ಟೇ ಕಂಡವನು ನಾನು. ಅಂದು ಅವಳ ಮುಷ್ಟಿಯಲ್ಲಿ ಅದರ ಸುರುಳಿ ಮೆಟ್ಟಿಲು ಹತ್ತಿದೆ. ನೂರ ಮೂವತ್ತೆರಡು ಮೆಟ್ಟಿಲು. ಇಳಿಯುವವರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಅವಳ ಉಸಿರು ಕಮ್ಮಾರನ ತಿದಿಯಂತೆ ಏಳುತ್ತಿತ್ತು. ತುದಿಯ ಬಾಲ್ಕನಿಯಲ್ಲಿ ಗದಗದವರು ಕಡಲಿಗೆ ಬೆನ್ನು ಮಾಡಿ ಫೋಟೋಕ್ಕೆ ನಿಂತಿದ್ದರು.

"ಇದ್ ಯಾರ್ ಕೈಯಲ್ಲಿತ್ತ್?" ಎಂದು ಸುಂದರಿ ನನ್ನನ್ನು ಎತ್ತಿ ಹಿಡಿದಳು.

ವೀರಭದ್ರಪ್ಪ ನೋಡಿದ. "ಅದು ನಮ್ಮ ಅವ್ವಂದ್ರಿ. ನನ್ನ ಕೈಯಾಗ ಕೊಟ್ಟಿದ್ಲು."

"ಅಮ್ಮ ಎಲ್ಲಿ?"

"ಇಲ್ಲೇ ತಂಗಿ ಕೂಡ..." ಅವನು ತಿರುಗಿದ. ಕಸ್ತೂರಿ ಕಣ್ಣು ಬಿಟ್ಟು ನಿಂತಿದ್ದಳು.

"ಅಣ್ಣಾ, ಅವ್ವ ನಿನ್ನ ಕೂಡ ಇದ್ಲಲ್ಲ? ಕಾಲು ನೋವು ಅಂತ ಕೆಳಗ ಗಾಡ್ಯಾಗ ಕುಂದ್ರಿಸಿ ಬಂದಿ ಅಂದ್ಕೊಂಡೆ ನಾನು."

ದೀಪಸ್ತಂಭದ ನೌಕರ ಮಾಧವ ದುರ್ಬೀನು ತಂದು ಗಡದ ಕಡೆ ಹಿಡಿದ. ಬಹಳ ಹೊತ್ತು ಹಿಡಿದ. ಆಮೇಲೆ ಹೇಳಿದ: "ಸಣ್ಣ ಗುಡ್ಡದಲ್ಲಿ ಹಸಿರು ಏನೋ ಕಾಣ್ತದೆ ಸುಂದರಕ್ಕ. ಕೂತಿದ್ದಾರೆ. ಮರಳಿನ ಮೇಲೆ ಆಗಲೇ ನೀರು ಬಂದಿದೆ."

ವೀರಭದ್ರಪ್ಪ ಕಬ್ಬಿಣದ ಕಂಬಿ ಹಿಡಿದು ಗಡದ ಕಡೆ 'ಅವ್ವಾ' ಎಂದು ಕೂಗಿದ. ನನಗೆ ಅವನ ಮೇಲೆ ಸಿಟ್ಟಿತ್ತು. ಆ ಮುಖ ನೋಡಿದ ಮೇಲೆ ಉಳಿಯಲಿಲ್ಲ.

ಮಾಧವ ಫೋನು ಮಾಡಿದ. ರಕ್ಷಣೆಯ ದೋಣಿ ದೂರದ ಬಂದರಿನಿಂದ ಬರಬೇಕು, ಒಂದೂವರೆ ಗಂಟೆ ಹಿಡಿಯುತ್ತದೆ ಎಂದು ಉತ್ತರ ಬಂತು. ಉಬ್ಬರ ತುಂಬಲು ಒಂದು ಗಂಟೆಯೂ ಉಳಿದಿರಲಿಲ್ಲ. ಉಬ್ಬರ ತುಂಬಿ ಇಂಥ ಗಾಳಿ ಬೀಸಿದರೆ ಸಣ್ಣ ಗುಡ್ಡದ ನೆತ್ತಿಯ ಮೇಲೂ ಅಲೆ ಹಾಯುತ್ತದೆ ಎಂಬುದು ಹೊಸಕೋಡಿಯ ಮಕ್ಕಳಿಗೂ ಗೊತ್ತು.

ಸುಂದರಿ ಇಳಿದು ಬಂದು ಗಂಡನ ಎದುರು ನಿಂತಳು. "ಮುದ್ಕಿ ಇನ್ನೂ ಅಲ್ಲೇ ಇತ್ತ್. ಸಣ್ ಗುಡ್ಡದಲ್ಲ್," ಎಂದಷ್ಟೇ ಹೇಳಿದಳು.

ಅಣ್ಣಪ್ಪ ಒಂದು ಕ್ಷಣ ಕೆಂಪು ಬಾವುಟ ನೋಡಿದ. ಆಮೇಲೆ ತಾಡಪತ್ರಿ ಎಳೆದು ಎಸೆದ. ಸುರೇಂದ್ರ ಹಗ್ಗದ ಸುರುಳಿ ಹೊತ್ತು ಹಾರಿ ಕೂತ. ವೀರಭದ್ರಪ್ಪ ಓಡಿ ಬಂದು ದೋಣಿಗೆ ಕಾಲಿಟ್ಟ.

"ಈಜ್ ಬತ್ತಾ?" ಎಂದು ಕೇಳಿದ ಅಣ್ಣಪ್ಪ.

"ಇಲ್ರಿ."

"ಹಾಂಗಾರೆ ನೀವ್ ಇಳೀನಿ. ಇಬ್ರನ್ನ್ ಹುಡ್ಕೂಕೆ ನನ್ನಿಂದ ಆತಿಲ್ಲೆ."

ಅವನ ಬದಲು ಸುಂದರಿ ಹತ್ತಿದಳು. ಹಗುರಾದ ಮುದುಕಿಯನ್ನು ಹೆಣ್ಣೇ ಎತ್ತಿಕೊಳ್ಳುವುದು ವಾಸಿ ಎಂದಳು. ನನ್ನನ್ನು ನೂಲಿನ ಸಮೇತ ತನ್ನ ಕೈಗೇ ಬಿಗಿಯಾಗಿ ಏರಿಸಿಕೊಂಡಳು. ಕಳೆದುಕೊಳ್ಳಬಾರದೆಂದೋ, ತನಗೆ ತಾನೇ ಶಿಕ್ಷೆಯೆಂದೋ, ನನಗೆ ತಿಳಿಯದು.

ಅಂದಿನ ಕಡಲನ್ನು ನಾನು ವರ್ಣಿಸಲಾರೆ. ದೋಣಿ ಎದ್ದಾಗ ಆಕಾಶ, ಬಿದ್ದಾಗ ನೀರು, ಬೇರೇನೂ ಕಾಣಲಿಲ್ಲ. ಅಣ್ಣಪ್ಪ ಚುಕ್ಕಾಣಿ ಹಿಡಿದಿದ್ದ. ಇಪ್ಪತ್ತೈದು ನಿಮಿಷದ ದಾರಿ ನಲವತ್ತಾಯಿತು. ಎಂದಿನ ಇಳಿಯುವ ಜಾಗದಲ್ಲಿ ಅಲೆ ಒಡೆಯುತ್ತಿದ್ದುದರಿಂದ ದೊಡ್ಡ ಗುಡ್ಡದ ಪೂರ್ವದ ಮರೆಗೆ ದೋಣಿ ತಂದು ಹಿಡಿದ. ಸುಂದರಿ ಸೀರೆ ಕಚ್ಚೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ನೀರಿಗಿಳಿದಳು. ಹಗ್ಗದ ಇನ್ನೊಂದು ತುದಿ ಹಿಡಿದು ಸುರೇಂದ್ರ ಬಂಡೆಯ ಮೇಲೆ ನಿಂತ.

ಮಧ್ಯಾಹ್ನ ಮಕ್ಕಳು ಚಿಪ್ಪು ಆರಿಸಿದ ಮರಳಿನ ಮೇಲೆ ಈಗ ಸೊಂಟದ ನೀರು. ಅದೂ ಎರಡೂ ಕಡೆಯಿಂದ ಬಂದು ನಡುವೆ ಗುದ್ದಾಡುವ ನೀರು. ಎರಡು ಸಲ ಬಿದ್ದಳು. ಎರಡು ಸಲವೂ ನಾನು ಅವಳ ಜೊತೆ ಉಪ್ಪು ನೀರು ಕುಡಿದೆ.

ಶಂಕ್ರವ್ವ ಬಂಡೆಯ ಸಂದಿಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಒಂದು ಕಾಲಿನ ಹರಡು ಬಾತಿತ್ತು. ಸುಂದರಿಯನ್ನು ಕಂಡು ಅವಳು ಮೊದಲು ಹೇಳಿದ್ದು ಇದು: "ಸಿಟ್ಟು ಆಗಬ್ಯಾಡವ್ವ. ಗಂಡಸರು ಭಾಳ ಇದ್ರು, ಅದಕ್ಕ ಇಲ್ಲೀತನಕ ಬಂದೆ. ಕಾಲು ಉಳುಕಿತು. ಕೂಗಿದೆ, ಯಾರಿಗೂ ಕೇಳಿಸಲಿಲ್ಲ."

"ಸಿಟ್ಟ್ ಎಂತಕೆ ಅಜ್ಜಿ? ಬನಿ. ನನ್ನ್ ಕುತ್ತಿಗಿ ಹಿಡ್ಕಣಿ. ಏನೇ ಆಯ್ಲಿ, ಕೈ ಬಿಡೂಕಾಗ."

ಬೆನ್ನ ಮೇಲೆ ಹೊತ್ತು ಇಳಿದಳು. ನಡುವಿಗೆ ಬಂದಾಗ ಪಶ್ಚಿಮದಿಂದ ಒಂದು ದೊಡ್ಡ ಅಲೆ ಬಂತು. ಇಬ್ಬರೂ ಮುಳುಗಿದರು. ನನ್ನನ್ನು ನಾನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಕುತ್ತಿಗೆಯ ಮೇಲಿದ್ದ ಕೈ ಜಾರಿತು. ಸುಂದರಿಯ ಬೆರಳು ನೀರಿನೊಳಗೆ ಹುಡುಕಿತು: ಮರಳು, ನೊರೆ, ಏನೂ ಇಲ್ಲ, ಮತ್ತೆ ಮರಳು. ಆಮೇಲೆ ಇಳಕಲ್ ಸೀರೆಯ ಸೆರಗು. ಆ ಸೆರಗನ್ನು ಅವಳು ಎರಡು ಸುತ್ತು ಕೈಗೆ ಸುತ್ತಿಕೊಂಡಳು. ನಾನು ಅದರಡಿ ಸಿಕ್ಕಿ ಅವಳ ಎಲುಬಿಗೆ ಒತ್ತಿಕೊಂಡೆ. ರಕ್ತ ಬಂತು. ನೇಯ್ದವರ ಹೊಟ್ಟೆ ತಣ್ಣಗಿರಲಿ, ಸೆರಗು ಹರಿಯಲಿಲ್ಲ. ಸುರೇಂದ್ರ ಹಗ್ಗ ಎಳೆದ. ಅಣ್ಣಪ್ಪ ಎಂಜಿನ್ನು ಬಿಟ್ಟು ಎದೆಮಟ್ಟದ ನೀರಿಗೆ ಹಾರಿದ.

ದೋಣಿಯಲ್ಲಿ ಮುದುಕಿ ನೀರು ಕಾರಿದಳು, ಕೆಮ್ಮಿದಳು, ಉಸಿರಾಡಿದಳು. ಸುಂದರಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ದೀಪಸ್ತಂಭದ ದೀಪ ಆಗಷ್ಟೇ ಹೊತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಶಂಕ್ರವ್ವ ಕೇಳಿದಳು:

"ನಾ ಅಲ್ಲಿ ಉಳದೀನಿ ಅಂತ ನಿಮಗ ಹೆಂಗ ಗೊತ್ತಾತವ್ವ? ನನ್ನ ಮಕ್ಕಳು ಹುಡುಕಿದ್ರೇನು?"

ಮುದುಕಿ ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು. ಅಲೆಗಿಂತ ಆ ಉತ್ತರಕ್ಕೇ ಅವಳು ಹೆಚ್ಚು ಹೆದರಿದ್ದಳೆಂದು ನನಗೆ ಅನ್ನಿಸಿತು.

"ಹುಡ್ಕದೆ ಇರ್ತ್ರಾ ಅಜ್ಜಿ?" ಎಂದಳು ಸುಂದರಿ. "ನಿಮ್ ಮಗನೇ ಓಡ್ಕಂಡ್ ಬಂದ್ ಹೇಳದ್ದ್. ಅವ್ವ ಕಾಣ್ತಿಲ್ಲೆ ಅಂದೇಳಿ ಕಣ್ಣೀರ್ ಹಾಕಿ ಮರ್ಕಿದ್ರ್."

ಮುದುಕಿಯ ಮುಖ ಅರಳಿತು. "ನನ್ನ ಕೂಸು," ಎಂದು ಕಣ್ಣು ಮುಚ್ಚಿದಳು.

ಧಕ್ಕೆಯಲ್ಲಿ ಮಗ ಕಾಲಿಗೆ ಬಿದ್ದ. ಅವಳು ಅವನ ತಲೆ ನೇವರಿಸಿ, ಕೂಡಿದ ಜನಕ್ಕೆಲ್ಲ ಕೇಳುವಂತೆ, "ನೋಡ್ರಿ, ನನ್ನ ಮಗ ಓಡಿ ಬಂದು ನನ್ನ ಉಳಿಸಿದ," ಎಂದಳು. ಅವನು ಬಾಯಿ ತೆರೆದು ಸುಂದರಿಯ ಕಡೆ ನೋಡಿದ. ಸುಂದರಿ ತಲೆ ತಗ್ಗಿಸಿ ಹಗ್ಗ ಸುತ್ತತೊಡಗಿದಳು.

ಆಮೇಲೆ ಅವಳು ಎಂಥ ಅವಸರದಲ್ಲೂ ನೂಲು ಕೊಯ್ಯಲಿಲ್ಲ. ಮೊದಲು ಮುಖ ಎಣಿಸುತ್ತಿದ್ದಳು, ಆಮೇಲೆ ನಮ್ಮನ್ನು. ನಮಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಹಾಗೆಂದು ಅವಳ ಮೇಲೆ ತಪ್ಪು ಹೊರಿಸುವ ಮುಖ ನಮಗಿರಲಿಲ್ಲ. ಕೆಲವು ವರ್ಷಗಳಲ್ಲಿ ಗಡದಲ್ಲಿ ಹೆಂಗಸರಿಗೆಂದು ಎರಡು ಕೋಣೆ ಕಟ್ಟಿದರು. ನಂಬರು ಬರೆದ ಕೇಸರಿ ಜಾಕೆಟ್ಟುಗಳು ಬಂದವು. ನಾವು ನಲವತ್ತು ಜನ ಬಿಸ್ಕತ್ತಿನ ಡಬ್ಬಿ ಸೇರಿ ಟಿಕೆಟ್ ಕಿಂಡಿಯ ಕೆಳಗೆ ಕೂತೆವು. ಅಲ್ಲಿ ಕತ್ತಲು, ಉಪ್ಪಿನ ವಾಸನೆ, ಮೈಮೇಲೆ ಹಸಿರು ಕಿಲುಬು. ಮುಪ್ಪಿಗೆ ಅಷ್ಟು ಸಾಕು.

ಈ ವರ್ಷ ಒಂದು ಮಧ್ಯಾಹ್ನ ಕಿಂಡಿಯ ಹೊರಗೆ ಒಂದು ದನಿ ಕೇಳಿತು. "ನನ್ನ ಗುರ್ತು ಸಿಕ್ತೇನ್ರಿ ಅಕ್ಕಾರ?" ವೀರಭದ್ರಪ್ಪ. ಒಬ್ಬನೇ ಬಂದಿದ್ದ. ಸುಂದರಿ ಅವನನ್ನು ಒಳಗೆ ಕೂರಿಸಿ, ಎಳನೀರು ಕೊಟ್ಟು, ಡಬ್ಬಿ ತೆಗೆದು ನನ್ನನ್ನು ಅವನ ಅಂಗೈಯಲ್ಲಿಟ್ಟಳು. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು.

"ಅವ್ವ ಹೋದ್ಲ್ರಿ, ಸಂಕ್ರಾಂತಿಗೆ," ಎಂದ. "ಹನ್ನೊಂದು ವರ್ಷ ಊರ ಮಂದಿಗೆಲ್ಲ ಅದನ್ನ ಹೇಳಿದ್ಲು. ಮದುವಿ ಮನ್ಯಾಗ, ಬಸ್ಸಿನ್ಯಾಗ, ದವಾಖಾನ್ಯಾಗ. ನನ್ನ ಮಗ ಓಡಿ ಬಂದ, ನನ್ನ ಮಗ ಓಡಿ ಬಂದ. ಒಂದು ದಿನಾನೂ ಅಲ್ಲವ್ವ ಅನ್ನಾಕ ನನಗ ಬಾಯಿ ಬರಲಿಲ್ಲ. ಯಾಕ ಹಂಗ ಹೇಳಿದ್ರಿ ಅಕ್ಕಾರ? ನಾ ಓಡಿ ಬಂದಿರಲಿಲ್ಲಲ್ರಿ. ಫೋಟೋ ತಕ್ಕೊಳ್ಳಾಕತ್ತಿದ್ದೆ."

ಸುಂದರಿ, "ಕಡಿಗೆ ಹ್ಯಾಂಗಿದ್ರ್ ಅಮ್ಮ?" ಎಂದು ಕೇಳಿದಳು.

ಅವನು ನನ್ನನ್ನು ಬೆರಳಲ್ಲಿ ತಿರುವುತ್ತಾ ಕೂತ. "ಕಣ್ಣು ಹೋಗಿತ್ರಿ. ಎರಡು ವರ್ಷ ಆಕಿ ಹಾಸಿಗಿ ಮಗ್ಗಲಾಗ ಮಲಗಿದೆ. ಎಷ್ಟ್ ಸಲ ಎದ್ರೂ ನಾನ ಕೈ ಹಿಡದು ಬಚ್ಚಲಕ್ಕ ಕರ್ಕೊಂಡು ಹೋಗ್ತಿದ್ದೆ. ಮೊದಲು ಮೊದಲು ನಾಚಿಕಿ ಪಟ್ಲು. ಆಮ್ಯಾಲ ಬಿಟ್ಲು. ಎಪ್ಪಾ, ಬಾ ಅಂತ ತಾನ ಕರೀತಿದ್ಲು." ಮತ್ತೆ ಹೇಳಿದ: "ನೀವು ಹೇಳಿದ ಆ ಒಂದು ಮಾತು ಖರೇ ಮಾಡಾಕ ನನಗ ಇಷ್ಟು ವರ್ಷ ಹಿಡೀತ್ರಿ."

ಸುಂದರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊರಗೆ ಸುರೇಂದ್ರ ಗಡಕ್ಕೆ ಹೊರಡುವವರನ್ನು ಕೂಗುತ್ತಿದ್ದ. ವೀರಭದ್ರಪ್ಪ ಹೋಗಲಿಲ್ಲ. ಎಳನೀರು ಮುಗಿಸಿ, ನನ್ನನ್ನು ಅಂಗಿಯ ತುದಿಯಿಂದ ಚೆನ್ನಾಗಿ ಒರೆಸಿ ಡಬ್ಬಿಗೆ ಹಾಕಿದ.

ನನ್ನ ಕಥೆ ಇಷ್ಟೇ. ಮನುಷ್ಯರ ಜೀವಕ್ಕೆ ಸಾಕ್ಷಿಯೆಂಬ ಜಂಬ ಈಗ ಇಲ್ಲ. ನಾನು ಒಮ್ಮೆ ಸುಳ್ಳು ಹೇಳಿದೆ, ಅದನ್ನು ತಿದ್ದಲು ನನ್ನ ಕೈಯಲ್ಲಿ ಆಗಲಿಲ್ಲ. ಹಿತ್ತಾಳೆಗೆ ಎದ್ದು ಹೋಗಿ ಯಾರ ಕೈಯನ್ನೂ ಹಿಡಿಯಲು ಬರುವುದಿಲ್ಲ.